ಒತ್ತಿಲ್ಲದ ಬರಹಕ್ಕೂ ಎಡೆಯಿರಲಿ

(ಬಸವ ಜಯಂತಿಗೆ ಮುನ್ನ ಅಂಧೇರಿಯ ಶರಣ ಗೋಷ್ಠಿಗಾಗಿ ಬರೆದ ಉಪದೇಶ)



ಬಸವ ಜಯಂತಿಯ ದಿನವಾದ ವೈಶಾಖ ಶುದ್ಧ ತದಿಗೆ ಹತ್ತಿರ ಬಂದಿದೆ. ಅಂದು ನಮ್ಮ ಗೋಷ್ಠಿಯ ಸ್ಮರಣ ಸಂಚಿಕೆ ಹೊರಬರಬೇಕು. ಅದಕ್ಕೆಂದು ಬಂದ ಬರಹಗಳನ್ನು ಮುಂದಿಟ್ಟುಕೊಂಡು ಸಂಪಾದಕ ಬಳಗದ ತರುಣರು ನನ್ನಲ್ಲಿಗೆ ಒಂದು ಪ್ರಶ್ನೆ ತಂದರು. ಇವುಗಳಲ್ಲಿ ಎಷ್ಟೋ ಬರಹಗಳಿಗೆ ಒತ್ತಕ್ಷರವಿಲ್ಲ, ದೀರ್ಘವಿಲ್ಲ, ವಾಕ್ಯ ಎಲ್ಲಿ ಮುಗಿಯಿತು ಎಂಬುದೂ ತಿಳಿಯುವುದಿಲ್ಲ. ಅಚ್ಚು ಹಾಕಿಸಿದರೆ ಓದಿದವರು ನಕ್ಕಾರು, ಬಿಟ್ಟರೆ ಬರೆದವರು ನೊಂದಾರು. ‘ಏನ್ ಮಾಡೋಣ್ರಿ ಅಪ್ಪಾವ್ರ?’ ಎಂದು ಕೇಳಿದರು.

ಅಂದೇ ಉತ್ತರ ಹೇಳಿ ಕಳಿಸಬಹುದಿತ್ತು. ಆದರೆ ಹತ್ತು ಮಂದಿ ಸೇರಿದ ಕಡೆ ಯಾರ ಮಾತಿಗೆ ಎಡೆ ಕೊಡಬೇಕು, ಯಾರ ಮಾತನ್ನು ತಡೆಯಬೇಕು ಎಂಬುದು ನಮ್ಮ ಧರ್ಮದ ಮೊದಲ ಪ್ರಶ್ನೆಗಳಲ್ಲಿ ಒಂದು. ಕಲ್ಯಾಣದಲ್ಲಿ ಶರಣರು ಕೂಡಿದ ದಿನದಿಂದ ಅದು ನಮ್ಮ ಜೊತೆಗೇ ಬಂದಿದೆ. ಆದ್ದರಿಂದ ಅದನ್ನು ನಿಮ್ಮೆಲ್ಲರ ಮುಂದೆ ಇಟ್ಟು ಮಾತನಾಡಬೇಕೆನಿಸಿತು.

ಮೊದಲು ಬರೆದವರು ಯಾರು ಎಂಬುದನ್ನು ನೋಡೋಣ. ಧಾರವಾಡ, ವಿಜಯಪುರ, ಬೆಳಗಾವಿ ಸೀಮೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದವು. ಕಾಲೇಜಿಗೆ, ನೌಕರಿಗೆ, ವ್ಯಾಪಾರಕ್ಕೆ ಬಂದ ನಮ್ಮ ಹಿರಿಯರಿಗೆ ಮುಂಬಯಿ ಪರವೂರಲ್ಲ, ಸರಕಾರವಿದ್ದ ಊರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದವರು ಇಲ್ಲಿ ಕಟ್ಟಡದ ಕೆಲಸ ಹಿಡಿದರು. ಇಂದಿಗೂ ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಗಂಟು ಹಿಡಿದು ಕೂಲಿಗೆ ನಿಂತವರ ನಡುವೆ ಹಾದು ಹೋದರೆ ನಮ್ಮ ಸೀಮೆಯ ಮಾತು ಕಿವಿಗೆ ಬೀಳುತ್ತದೆ. ನಮ್ಮ ಗೋಷ್ಠಿಯಲ್ಲಿ ಮರೋಳದ ಕಾರಖಾನೆಯಲ್ಲಿ ದುಡಿದವರಿದ್ದಾರೆ, ರಿಕ್ಷಾ ಓಡಿಸುವವರಿದ್ದಾರೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರಿದ್ದಾರೆ. ಇನ್ನು ನಮ್ಮ ಮಕ್ಕಳು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಆದರೂ ನಮ್ಮಲ್ಲಿ ಬಹಳ ಮನೆಗಳ ಮಕ್ಕಳು ಇಂಗ್ಲಿಷ್ ಶಾಲೆಗೋ ಮರಾಠಿ ಶಾಲೆಗೋ ಹೋಗುತ್ತಾರೆ. ಅವರ ಕನ್ನಡ ಅಜ್ಜಿಯ ಬಾಯಿಂದ ಕೇಳಿದ ಕನ್ನಡ. ಅಂಥ ಮಗು ತಾನಾಗಿ ಕೂತು ನಾಲ್ಕು ಸಾಲು ಕನ್ನಡ ಬರೆದರೆ ಅದರಲ್ಲಿ ತಪ್ಪಿರುವುದು ಸಹಜ.

ಬಂದ ಬರಹಗಳಲ್ಲಿ ಒಂದನ್ನು ನಿಮಗೆ ಓದಿ ಹೇಳುತ್ತೇನೆ. ಬರೆದ ತಾಯಿಯ ಅಪ್ಪಣೆ ಪಡೆದಿದ್ದೇನೆ, ಹೆಸರು ಹೇಳುವುದಿಲ್ಲ. ಲೆಕ್ಕದ ವಹಿಯಿಂದ ಹರಿದ ಹಾಳೆ, ನೀಲಿ ಪೆನ್ನು, ಗೆರೆ ಬಿಟ್ಟು ಇಳಿದ ಸಾಲುಗಳು. ‘ನನ ಮಗಳ ದವಕನಿದಾಗ ಇದಳ. ರಕತ ಬೇಕ ಅಂದರ. ಯಾರೊ ಬಂದ ಕೊಟ ಹೋದರ. ಅವರ ಹೆಸರ ಗೊತಿಲ. ಜಾತಿ ಗೊತಿಲ. ಅವರಿಗಿ ಶರಣ.’ ಇಷ್ಟೇ. ದವಾಖಾನೆ ದವಕನಿ ಆಗಿದೆ, ರಕ್ತದ ಒತ್ತು ಬಿಟ್ಟುಹೋಗಿದೆ. ಆದರೆ ಹೆಸರು ಗೊತ್ತಿಲ್ಲದವರಿಗೆ, ಜಾತಿ ಗೊತ್ತಿಲ್ಲದವರಿಗೆ ಕೈಮುಗಿಯುವುದನ್ನು ಈ ತಾಯಿ ಬಲ್ಲರು. ನಾವು ಗಂಟೆಗಟ್ಟಲೆ ಉಪದೇಶ ಮಾಡಿ ಮುಟ್ಟಿಸಲು ಹೆಣಗುವ ವಿಚಾರವನ್ನು ಅವರು ಬದುಕಿ ತಿಳಿದು ಒಂದು ಹಾಳೆಯಲ್ಲಿ ಬರೆದಿದ್ದಾರೆ.

ಅದೇ ಕಟ್ಟಿನಲ್ಲಿ ಇನ್ನೊಂದು ಬಗೆಯ ಬರಹವೂ ಇತ್ತು. ಅಂದವಾಗಿ ಟೈಪು ಮಾಡಿಸಿದ ಪುಟಗಳು, ಒಂದು ಅಕ್ಷರವೂ ತಪ್ಪಿಲ್ಲ. ಬಸವಣ್ಣನವರು ವಿಶ್ವಗುರು, ಮಹಾಮಾನವತಾವಾದಿ, ಕ್ರಾಂತಿಪುರುಷ ಎಂದು ಸಾಲು ಸಾಲಾಗಿ ಹೊಗಳಿಕೆ. ಅವೇ ಸಾಲುಗಳು ಬೇರೆ ಬೇರೆ ಹೆಸರಿನಲ್ಲಿ ಬಂದಿದ್ದವು. ಎಲ್ಲಿಂದಲೋ ಮೊಬೈಲಿಗೆ ಬಂದದ್ದನ್ನು ಇಳಿಸಿಕೊಂಡು ಕೆಳಗೆ ತಮ್ಮ ಹೆಸರು ಹಾಕಿ ಕಳಿಸಿದ್ದರು. ಅವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಆ ಪುಟಗಳಲ್ಲಿ ಬಸವಣ್ಣನವರು ಅವರ ಮನೆಗೆ, ಅವರ ದುಡಿಮೆಗೆ, ಅವರ ಸಂಕಟಕ್ಕೆ ಏನಾಗಿ ಒದಗಿದರು ಎಂಬ ಒಂದು ಮಾತೂ ಇರಲಿಲ್ಲ.

ಈ ಎರಡರಲ್ಲಿ ಯಾವುದಕ್ಕೆ ಮೊದಲು ಎಡೆ ಎಂದು ನನ್ನನ್ನು ಕೇಳಿದರೆ, ಆ ಹರಿದ ಹಾಳೆಗೆ ಎಂದೇ ಹೇಳುತ್ತೇನೆ. ಏಕೆ ಎಂಬುದಕ್ಕೆ ಕಲ್ಯಾಣದ ಕಡೆಗೆ ನೋಡಬೇಕು.

ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನದ ಮೇಲೆ ಕುಳಿತ ಆ ಅನುಭವ ಮಂಟಪಕ್ಕೆ ಬಂದವರ ಹೆಸರುಗಳನ್ನೇ ಒಮ್ಮೆ ನೆನೆಯಿರಿ. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ. ದೋಣಿ ನಡೆಸುವ ಅಂಬಿಗರ ಚೌಡಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ. ದನ ಕಾಯುವ ತುರುಗಾಹಿ ರಾಮಣ್ಣ. ಸೌದೆ ಹೊರೆ ಮಾರುವ ಮೋಳಿಗೆ ಮಾರಯ್ಯ. ನೂಲು ತೆಗೆಯುವ ಕದಿರೆ ರೆಮ್ಮವ್ವೆ. ಇವರ ಮಾತು ಛಂದಸ್ಸಿಗೆ ಕೂರುತ್ತದೆಯೋ, ಪಂಡಿತರು ಒಪ್ಪುತ್ತಾರೋ ಎಂದು ಬಾಗಿಲಲ್ಲಿ ತಡೆದು ನಿಲ್ಲಿಸಿದ್ದರೆ ವಚನಗಳ ಬಹುಪಾಲು ನಮಗೆ ಸಿಗುತ್ತಲೇ ಇರಲಿಲ್ಲ. ರೆಮ್ಮವ್ವೆ ರಾಟೆಯ ಮಾತಿನಲ್ಲಿ ಹೇಳಿದರು, ಚೌಡಯ್ಯ ಹುಟ್ಟು ಹಾಕುವವರ ಮಾತಿನಲ್ಲಿ ಹೇಳಿದರು. ಸೂಳೆ ಸಂಕವ್ವೆಯವರದು ನಮಗೆ ದೊರೆತಿರುವುದು ಒಂದೇ ಒಂದು ವಚನ. ಲೋಕ ಕೀಳೆಂದು ಕಂಡ ವೃತ್ತಿಯ ಕಟ್ಟುಪಾಡನ್ನೇ ಹಿಡಿದು ಅವರು ನಿಷ್ಠೆ ಎಂದರೆ ಏನೆಂದು ಹೇಳಿದರು. ಆ ಮಾತನ್ನು ತೊಳೆದು ಮಡಿ ಮಾಡಿ ಕೊಡಿ ಎಂದು ಯಾರಾದರೂ ಪಟ್ಟು ಹಿಡಿದಿದ್ದರೆ ಅದರ ಜೀವವೇ ಹೋಗುತ್ತಿತ್ತು.

ಹಾಗಾದರೆ ಮಂಟಪದಲ್ಲಿ ಪರೀಕ್ಷೆಯೇ ಇರಲಿಲ್ಲವೇ? ಇತ್ತು, ಬಹಳ ಕಠಿಣವಾಗಿಯೇ ಇತ್ತು. ಅಕ್ಕಮಹಾದೇವಿಯವರನ್ನು ಅಲ್ಲಮಪ್ರಭುಗಳು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರು ಎಂಬುದು ನಿಮಗೆಲ್ಲ ಗೊತ್ತು. ಸೊನ್ನಲಿಗೆಯ ಸಿದ್ಧರಾಮರನ್ನು ಅವರೇ ಹೋಗಿ ಮಾತಿನಿಂದ ಎಚ್ಚರಿಸಿದರು. ಆ ಪ್ರಶ್ನೆಗಳು ವ್ಯಾಕರಣದ ಮೇಲೆ ಇರಲಿಲ್ಲ. ನೀನು ಆಡಿದ ಮಾತು ನಿನ್ನದೇ? ಅದರಂತೆ ನಡೆಯುತ್ತೀಯಾ? ನುಡಿಯ ಹಿಂದೆ ನಡೆ ಇದೆಯೇ ಎಂದೇ ಮಂಟಪ ನೋಡಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಲೇಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಪತಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು, ಅದರಿಂದ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಇದು ನಮ್ಮ ದುಡಿಮೆಯದಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಪತಿಯನ್ನು ಹಿಂದಕ್ಕೆ ಕಳಿಸಿದರು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬರುತ್ತದೆ.

ಲಕ್ಕಮ್ಮನವರು ಅಕ್ಕಿ ಕೇರುತ್ತಿದ್ದ ಮೊರವೇ ಇಂದು ನಮ್ಮ ಸಂಪಾದಕರ ಕೈಯಲ್ಲಿ ಇರಲಿ ಎಂದು ನನ್ನ ಆಸೆ. ನೆಲದಿಂದ ಆಯ್ದ ಅಕ್ಕಿಯಲ್ಲಿ ಮಣ್ಣಿರುತ್ತದೆ, ಹೊಟ್ಟಿರುತ್ತದೆ, ನುಚ್ಚಿರುತ್ತದೆ. ಅದಕ್ಕಾಗಿ ಯಾವ ತಾಯಿಯೂ ಅಕ್ಕಿಯನ್ನು ಚೆಲ್ಲುವುದಿಲ್ಲ. ಕೇರುತ್ತಾಳೆ, ಹರಳು ಆರಿಸುತ್ತಾಳೆ, ತೊಳೆದು ಒಲೆಗೆ ಇಡುತ್ತಾಳೆ. ಆದರೆ ಅದೇ ತಾಯಿ ತನ್ನದಲ್ಲದ ಅಕ್ಕಿ ಎಷ್ಟೇ ಬೆಳ್ಳಗೆ, ಎಷ್ಟೇ ಹಸನಾಗಿ ಇದ್ದರೂ ಹೊಸ್ತಿಲು ದಾಟಲು ಬಿಡಲಿಲ್ಲ. ಬರಹದ ವಿಷಯದಲ್ಲೂ ಇದೇ ನ್ಯಾಯ ನಡೆಯಲಿ. ತಪ್ಪಿರುವ ಸ್ವಂತ ಮಾತನ್ನು ಹಸನು ಮಾಡಿ ಒಳಗೆ ತನ್ನಿ. ತಪ್ಪಿಲ್ಲದ ಎರವಲು ಮಾತನ್ನು ಕೈಮುಗಿದು ಹಿಂದಕ್ಕೆ ಕಳಿಸಿ.

ಎರವಲು ಮಾತಿನ ಕಷ್ಟ ನಮ್ಮ ಪರಂಪರೆಗೆ ಹೊಸದಲ್ಲ. ವಚನದ ಕೊನೆಯಲ್ಲಿ ಬರುವ ಅಂಕಿತ ಎಂಬುದು ಮಾತಿಗೆ ಹೊಣೆ ಹೊರುವ ಗುರುತು. ತಾವು ಕಟ್ಟಿದ ಮಾತಿಗೆ ದೊಡ್ಡವರ ಅಂಕಿತ ಹಾಕಿ ಹರಿಯಬಿಟ್ಟವರು ಹಿಂದೆಯೂ ಇದ್ದರು. ಆದ್ದರಿಂದಲೇ ವಿದ್ವಾಂಸರು ಓಲೆಗರಿಗಳನ್ನು ಹೋಲಿಸಿ, ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ಬೇರ್ಪಡಿಸಲು ವರ್ಷಗಟ್ಟಲೆ ದುಡಿದಿದ್ದಾರೆ. ಇಂದು ನಮ್ಮ ಮೊಬೈಲುಗಳಲ್ಲಿ ಬಸವಣ್ಣನವರ ಚಿತ್ರದ ಕೆಳಗೆ ಬರುವ ಎಷ್ಟೋ ಸಾಲುಗಳನ್ನು ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳಲ್ಲಿ ಹುಡುಕಿದರೂ ಕಾಣೆವು. ಇಂಥದ್ದನ್ನು ಮುಂದೆ ಕಳಿಸುವ ಮೊದಲು ಒಂದು ಗಳಿಗೆ ತಡೆಯಿರಿ. ಗುರುವಿನ ಬಾಯಲ್ಲಿ ಆತ ಆಡದ ಮಾತನ್ನು ಇಡುವುದು ಗುರುಸೇವೆಯಾಗುವುದಿಲ್ಲ.

ಪರೀಕ್ಷೆ ಇನ್ನೊಂದಿದೆ. ಈ ಮಾತು ಯಾರನ್ನು ನೋಯಿಸುತ್ತದೆ? ಬಂದ ಬರಹಗಳಲ್ಲಿ ಒಂದು, ಬಹಳ ಸೊಗಸಾದ ಕನ್ನಡದಲ್ಲಿ, ಹೆಸರು ಹೇಳದೆಯೇ ಎಲ್ಲರಿಗೂ ಗುರುತು ಸಿಗುವಂತೆ ಒಂದು ಮನೆಯ ಹೆಣ್ಣುಮಗಳ ನಡತೆಯ ಮೇಲೆ ಮಾತು ಎಸೆದಿತ್ತು. ಕನ್ನಡ ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ಒಳಗೆ ಬಿಡಲಾಗದು. ಒರಟು ಮಾತು ಬೇರೆ, ಕೇಡಿನ ಮಾತು ಬೇರೆ. ಅಂಬಿಗರ ಚೌಡಯ್ಯನವರ ಮಾತು ಒರಟು, ಕೇಳಿದರೆ ಮೈ ಉರಿಯುತ್ತದೆ. ಆದರೂ ಶರಣರು ಅದನ್ನು ಉಳಿಸಿಕೊಂಡರು, ಏಕೆಂದರೆ ಅವರು ಬೈದದ್ದು ಡಾಂಭಿಕರನ್ನು, ಎದುರು ನಿಂತು, ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡು. ಬಲ ಇಲ್ಲದವರ ಮೇಲೆ, ಎದುರಿಗೆ ಇಲ್ಲದವರ ಮೇಲೆ, ಹೆಸರು ಮರೆಸಿ ಆಡಿದ ಮಾತಿಗೆ ಚೌಡಯ್ಯನವರ ಮರ್ಯಾದೆ ಸಲ್ಲದು.

ಇನ್ನು ತಿದ್ದುವ ಮಾತು. ಒಳಗೆ ಬಿಟ್ಟ ಬರಹವನ್ನು ತಿದ್ದಬೇಕೇ? ತಿದ್ದಬೇಕು. ಆದರೆ ಎಲ್ಲಿಯವರೆಗೆ ಎಂಬುದನ್ನು ಈ ನೆಲದ ಒಂದು ಕಥೆಯಿಂದ ಕಲಿಯೋಣ. ಖಾನದೇಶದ ಜಳಗಾಂವದಲ್ಲಿ ಬಹಿಣಾಬಾಯಿ ಚೌಧರಿ ಎಂಬ ತಾಯಿ ಇದ್ದರು. 1880ರಲ್ಲಿ ಹುಟ್ಟಿದವರು, ಹೊಲದಲ್ಲಿ ದುಡಿದವರು, ಓದು ಬರಹ ಬಾರದವರು. ಬೀಸುವಾಗ, ಬಿತ್ತುವಾಗ ತಮ್ಮ ಸೀಮೆಯ ಮಾತಿನಲ್ಲೇ ಹಾಡು ಕಟ್ಟಿ ಹಾಡುತ್ತಿದ್ದರು. ಮಗ ಸೋಪಾನದೇವ ಚೌಧರಿ ಸ್ವತಃ ಕವಿ. ತಾಯಿಯ ಹಾಡುಗಳನ್ನು ಬರೆದಿಟ್ಟರು. 1951ರಲ್ಲಿ ತಾಯಿ ತೀರಿಕೊಂಡ ಮೇಲೆ ಆ ವಹಿ ಮರಾಠಿ ಸಾಹಿತಿ ಆಚಾರ್ಯ ಅತ್ರೆಯವರ ಕಣ್ಣಿಗೆ ಬಿತ್ತು. ಅದನ್ನು ಜನರಿಗೆ ಮುಟ್ಟಿಸದೆ ಇರಬಾರದು ಎಂದು ಅವರು ಒತ್ತಾಯಿಸಿದರು. 1952ರಲ್ಲಿ ಪುಸ್ತಕ ಹೊರಬಂತು. ಮಗನಿಗೆ ಪುಣೆಯ ಶಿಷ್ಟ ಮರಾಠಿ ಬರುತ್ತಿತ್ತು, ತಾಯಿಯ ಮಾತನ್ನು ಅದಕ್ಕೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಖಾನದೇಶದ ಹೊಲದ ಮಾತು ಹೊಲದ ಮಾತಾಗಿಯೇ ಅಚ್ಚಾಯಿತು. ಇಂದು ಮಹಾರಾಷ್ಟ್ರದ ಶಾಲೆಯ ಮಕ್ಕಳು ಆ ಹಾಡುಗಳನ್ನು ಕಲಿಯುತ್ತಾರೆ, ಜಳಗಾಂವದ ವಿಶ್ವವಿದ್ಯಾಲಯಕ್ಕೆ ಆ ಅಕ್ಷರ ಬಾರದ ತಾಯಿಯ ಹೆಸರಿದೆ.

ಸಂಪಾದಕ ಬಳಗದ ಮಕ್ಕಳೇ, ನೀವು ಸೋಪಾನದೇವರಂತೆ ನಡೆದುಕೊಳ್ಳಿ. ಬಿಟ್ಟುಹೋದ ಒತ್ತು ಹಾಕಿ, ದೀರ್ಘ ಎಳೆಯಿರಿ, ಓದುವವರು ಎಡವದಂತೆ ವಾಕ್ಯ ಬಿಡಿಸಿ. ‘ದವಾಖಾನಿದಾಗ’ ಎಂಬುದನ್ನು ‘ಆಸ್ಪತ್ರೆಯಲ್ಲಿ’ ಎಂದು ಮಾಡಬೇಡಿ. ಅದು ಆ ತಾಯಿಯ ತಪ್ಪಲ್ಲ, ಆ ತಾಯಿಯ ಸೀಮೆಯ ಮಾತು. ತಿದ್ದಿದ್ದನ್ನು ಬರೆದವರಿಗೆ ಓದಿ ಹೇಳಿ. ‘ಹೌದ್ರೀ, ನಾ ಹೇಳಿದ್ದು ಇದ’ ಎಂದು ಅವರು ಒಪ್ಪಿದರೆ ಅಚ್ಚಿಗೆ ಕಳಿಸಿ. ಒಪ್ಪದಿದ್ದರೆ ಮತ್ತೆ ಕೂತು ಕೇಳಿ. ಏನು ಹೇಳಹೊರಟಿದ್ದಾರೆ ಎಂದು ತಿಳಿಯದಿದ್ದರೆ ಊಹೆಯಿಂದ ತುಂಬಬೇಡಿ, ಅವರ ಮನೆಗೆ ಹೋಗಿ ಕೇಳಿ ಬನ್ನಿ. ಸಾಕಿನಾಕಾದಿಂದ ಇಲ್ಲಿಗೆ ಬಂದು ಪ್ರತಿ ತಿಂಗಳು ಗೋಷ್ಠಿಯಲ್ಲಿ ಕೂರುವವರ ಮನೆಗೆ ನಾವು ಒಮ್ಮೆ ಹೋಗುವುದು ದೊಡ್ಡ ಮಾತೇನಲ್ಲ.

ಹೀಗೆ ದುಡಿಯುವುದು ಬೇಸರದ ಕೆಲಸ ಎನಿಸಿದಾಗ ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ಅವರೂ ಬಹಿಣಾಬಾಯಿ ಹುಟ್ಟಿದ 1880ರಲ್ಲೇ ಧಾರವಾಡದಲ್ಲಿ ಹುಟ್ಟಿದವರು. ನಮ್ಮ ಇದೇ ಮುಂಬಯಿಯಲ್ಲಿ ಓದಿ ವಕೀಲರಾದವರು. ವಿಜಯಪುರದಲ್ಲಿ ವಕೀಲಿ ನಡೆಸಿ ಸುಖವಾಗಿ ಇರಬಹುದಿತ್ತು. ಅದನ್ನು ಬದಿಗಿಟ್ಟು ಊರೂರು ಅಲೆದು, ದೇವರ ಜಗಲಿಯ ಮೇಲೆ ಪೂಜೆಗೆ ಇಟ್ಟು ಯಾರೂ ಬಿಚ್ಚಿ ಓದದ ಓಲೆಗರಿಗಳನ್ನು ಕೂಡಿಹಾಕಿದರು. ಗೆದ್ದಲು ತಿಂದ ಗರಿ, ಪ್ರತಿ ಮಾಡಿದವರ ಕೈತಪ್ಪು, ಬಿಟ್ಟುಹೋದ ಅಕ್ಷರ, ಒಂದಕ್ಕೊಂದು ಹೊಂದದ ಪಾಠ, ಎಲ್ಲವನ್ನೂ ದಾಟಿ 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗವನ್ನು ಹೊರತಂದರು. ಮುಂದೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಿಂದ ಶಿವಾನುಭವ ಪತ್ರಿಕೆ ಹೊರಡಿಸಿದರು. ತಪ್ಪಿರುವ ಗರಿ ಎಂದು ಅವರು ಪಕ್ಕಕ್ಕೆ ಸರಿಸಿದ್ದರೆ ಇಂದು ನಾವು ಈ ಕೋಣೆಯಲ್ಲಿ ಕುಳಿತು ವಚನ ಹೇಳುತ್ತಿದ್ದೆವೋ ಇಲ್ಲವೋ. ತಪ್ಪಿನ ಒಳಗೆ ಇರುವ ಮಾತನ್ನು ತಾಳ್ಮೆಯಿಂದ ಹುಡುಕುವುದು ಕೂಡ ಕಾಯಕವೇ.

ಈಗ ಬರೆಯುವವರಿಗೆ ಒಂದು ಮಾತು. ನಿಮ್ಮ ಬರಹಕ್ಕೆ ಎಡೆ ಇದೆ ಎಂದ ಮಾತ್ರಕ್ಕೆ ಕಲಿಯುವ ಹೊಣೆ ತಪ್ಪುವುದಿಲ್ಲ. ತಿದ್ದಿದ ಪ್ರತಿಯನ್ನು ಮನೆಗೆ ಒಯ್ಯಿರಿ, ಎಲ್ಲಿ ಒತ್ತು ಬಿಟ್ಟುಹೋಗಿತ್ತು ಎಂದು ನೋಡಿ, ಮುಂದಿನ ಸಲ ಹಾಕಿ. ವಚನಕಾರರು ತಮ್ಮ ಕಾಯಕದಲ್ಲಿ ಕೈಹದ ಬರುವವರೆಗೆ ಬಿಡದೆ ದುಡಿದವರು. ಹಗ್ಗ ಹೊಸೆಯುವ ಕೈ ಹೇಗೆ ದುಡಿದು ದುಡಿದು ಪಳಗುತ್ತದೆಯೋ, ಬರೆಯುವ ಕೈಯೂ ಹಾಗೆಯೇ ಪಳಗಬೇಕು. ನಮ್ಮಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು ಇದ್ದಾರೆ. ಗೋಷ್ಠಿ ಮುಗಿದ ಮೇಲೆ ಅರ್ಧ ತಾಸು ಕೂತು ಅಕ್ಷರ ತಿದ್ದಿಸಲು ಅವರು ಮುಂದೆ ಬರಲಿ. ನಾಚಿಕೆ ಬೇಡ. ಐವತ್ತು ದಾಟಿದವರು ಮಕ್ಕಳ ಪಕ್ಕದಲ್ಲಿ ಕೂತು ಕಾಗುಣಿತ ಬರೆದರೆ ಅದಕ್ಕಿಂತ ದೊಡ್ಡ ಪೂಜೆ ನಮ್ಮ ಗೋಷ್ಠಿಗೆ ಬೇರೆ ಬೇಕಿಲ್ಲ.

ಓದು ಬರಹ ಚೆನ್ನಾಗಿ ಬಲ್ಲವರಿಗೂ ಒಂದು ಮಾತು. ಸಂಚಿಕೆ ಕೈಗೆ ಬಂದಾಗ ತಪ್ಪು ಹುಡುಕುವುದೇ ನಮ್ಮ ಮೊದಲ ಕೆಲಸವಾಗದಿರಲಿ. ಯಾರೋ ಬರೆದ ತಪ್ಪು ಸಾಲಿನ ಚಿತ್ರ ತೆಗೆದು ನಾಲ್ಕು ಜನಕ್ಕೆ ಕಳಿಸಿ ನಗುವುದು ನಮ್ಮಲ್ಲಿ ಸಲೀಸಾಗಿಬಿಟ್ಟಿದೆ. ಆ ನಗು ಬರೆದವರ ಕಿವಿಗೆ ಬಿದ್ದರೆ ಅವರು ಮುಂದೆ ಬರೆಯುವುದಿಲ್ಲ. ಸಭೆಯಲ್ಲಿ ಎದ್ದು ಮಾತನಾಡುವುದೂ ಇಲ್ಲ. ಮೆಲ್ಲಗೆ ಬರುವುದನ್ನೇ ನಿಲ್ಲಿಸುತ್ತಾರೆ. ಒಬ್ಬ ಶರಣ ಗೋಷ್ಠಿಗೆ ಬರುವುದು ನಿಂತಿತೆಂದರೆ ಆ ನಷ್ಟವನ್ನು ಎಷ್ಟು ಶುದ್ಧ ಕನ್ನಡದಿಂದಲೂ ತುಂಬಲಾಗದು. ಇಂದ್ರಾಯಣಿಯ ದಡದ ತುಕಾರಾಮರನ್ನೂ ಅವರ ಕಾಲದ ಬಲ್ಲವರು ತಡೆದರು, ಅಭಂಗಗಳ ವಹಿಯನ್ನು ಹೊಳೆಗೆ ಹಾಕಿಸಿದರು ಎಂದು ವಾರಕರಿಗಳು ಹೇಳುತ್ತಾರೆ. ತಡೆದ ರಾಮೇಶ್ವರ ಭಟ್ಟರೇ ಆಮೇಲೆ ತುಕಾರಾಮರ ಶಿಷ್ಯರಾದರಂತೆ. ತಡೆಯುವವರಿಗೂ ಮನಸ್ಸು ತಿರುಗುವ ದಾರಿ ಇದೆ ಎಂಬುದು ಆ ಕಥೆಯಲ್ಲಿ ನನಗೆ ಹಿಡಿಸಿದ ಮಾತು.

ಆದ್ದರಿಂದ ಸಂಪಾದಕರಿಗೆ ನನ್ನ ಉತ್ತರ ಹೀಗಿದೆ. ಬರಹ ಬಂದಾಗ ಮೊದಲು ಪೂರ್ತಿ ಓದಿ, ಕೆಂಪು ಪೆನ್ನನ್ನು ಆಮೇಲೆ ತೆಗೆಯಿರಿ. ಮಾತು ಅವರದೇ ಎಂದು ಕಂಡರೆ, ಅದು ಯಾರಿಗೂ ಕೇಡು ಬಗೆಯದಿದ್ದರೆ, ಎಷ್ಟೇ ತಪ್ಪಿದ್ದರೂ ಒಪ್ಪಿಕೊಳ್ಳಿ, ತಿದ್ದಿ, ಅವರಿಗೆ ತೋರಿಸಿ, ಅವರ ಹೆಸರಿನಲ್ಲಿ ಅಚ್ಚು ಹಾಕಿ. ಎರವಲು ತಂದವರನ್ನು ಪ್ರೀತಿಯಿಂದ ಕರೆದು, ‘ನಿಮ್ಮ ಮನೆಯ ಒಂದು ಮಾತು ಬರೆದುಕೊಡಿ, ನಾಲ್ಕೇ ಸಾಲು ಸಾಕು’ ಎಂದು ಕೇಳಿ. ಚುಚ್ಚಿ ಬರೆದವರಿಗೆ ಮುಖಾಮುಖಿ ಕೂತು, ಇದು ಏಕೆ ಆಗದು ಎಂದು ಹೇಳಿ. ಯಾವ ಬರಹವನ್ನೂ ಉತ್ತರ ಕೊಡದೆ ಕಸದ ಬುಟ್ಟಿಗೆ ಹಾಕಬೇಡಿ. ಪುಟ ಸಾಲದಿದ್ದರೆ ನನ್ನ ಲೇಖನವನ್ನು ತೆಗೆದು ಆ ತಾಯಿಯ ಹಾಳೆಗೆ ಜಾಗ ಮಾಡಿ.

ಇನ್ನೂ ಬರೆಯದೆ ಕುಳಿತವರೇ, ನಿಮಗಾಗಿ ಮುಂದಿನ ರವಿವಾರದವರೆಗೆ ಕಾಯುತ್ತೇವೆ. ಬರೆಯಲು ಬಾರದವರು ಬಂದು ಹೇಳಿ, ಬರೆದುಕೊಳ್ಳಲು ನಮ್ಮ ಹುಡುಗರು ಇದ್ದಾರೆ. ನಿಮ್ಮ ದುಡಿಮೆ, ನಿಮ್ಮ ಸಂಕಟ, ನಿಮಗೆ ನೆರವಾದವರ ನೆನಪು, ಅದೇ ನಮ್ಮ ಜಯಂತಿಯ ಪ್ರಸಾದ. ಬಸವಾದಿ ಶರಣರ ಕರುಣೆ ನಿಮ್ಮ ಕೈಗೆ ಬಲ ಕೊಡಲಿ, ಓದುವವರ ಮನಸ್ಸಿಗೆ ತಾಳ್ಮೆ ಕೊಡಲಿ.